ಮುಖ ತಿರುಗಿಸುವ ಕೆಲಸ

ನಮ್ಮೂರಿನ ಗ್ರಂಥಾಲಯದ ಒಳಗೆ ಸದ್ದು ಹುಟ್ಟುವುದಿಲ್ಲ. ‘ನಿಶ್ಶಬ್ದವಾಗಿರಿ’ ಎಂಬ ಬೋರ್ಡು ಎಲ್ಲ ಊರುಗಳಿಗೆ ಬಂದಂತೆ ನಮಗೂ ಮೇಲಿನ ಕಚೇರಿಯಿಂದ ಬಂದಿತ್ತು. ಗ್ರಂಥಪಾಲಕರಾದ ವೃಷಭೇಂದ್ರ ಸರ್ ಅದನ್ನು ಬಾಗಿಲ ಎದುರಿನ ಗೋಡೆಗೆ ಮೊಳೆ ಹೊಡೆದು ಹಾಕಿದರು. ಮೊಳೆ ಹೊಡೆದದ್ದೂ ಕೇಳಿಸಲಿಲ್ಲ. ಹೊಸ್ತಿಲು ದಾಟಿದೊಡನೆ ಚಪ್ಪಲಿಯ ಸದ್ದು ಹಿಂದೆಯೇ ಉಳಿದುಬಿಡುತ್ತದೆ. ಕೆಮ್ಮಿದರೆ ಎದೆ ಅದುರಿದ್ದಷ್ಟೇ ಗೊತ್ತಾಗುತ್ತದೆ. ಕುರ್ಚಿ ಬಿದ್ದರೆ ಅಂಗಾಲಿಗೆ ತಿಳಿಯುತ್ತದೆ. ಮೊದಲ ಸಲ ಬಂದವರು ಕಿವಿಗೆ ಬೆರಳು ಹಾಕಿ ಅಲ್ಲಾಡಿಸಿಕೊಳ್ಳುತ್ತಾರೆ, ಆಮೇಲೆ ಅವರಿಗೂ ರೂಢಿಯಾಗುತ್ತದೆ. ಬಾಗಿಲು ಹಾಕುವ ಹೊತ್ತಾದರೆ ನಾನು ಕೆಂಪು ಬಟ್ಟೆಯೊಂದನ್ನು ಹಿಡಿದು ಮೇಜುಗಳ ನಡುವೆ ಒಂದು ಸುತ್ತು ಹಾಕುತ್ತೇನೆ. ಏನಾದರೂ ಕೇಳಬೇಕಾದವರು ಕೌಂಟರಿನ ಮೇಲಿರುವ ಸ್ಲೇಟಿನಲ್ಲಿ ಬರೆಯುತ್ತಾರೆ.

ಇಂಥ ಜಾಗಕ್ಕೆ ಓದುವವರು ಎಷ್ಟು ಬರುತ್ತಾರೋ ಮಾತಾಡುವವರೂ ಅಷ್ಟೇ ಬರುತ್ತಾರೆ. ಮನೆಯಲ್ಲಿ, ಅಂಗಡಿಯಲ್ಲಿ, ಬೀದಿಯಲ್ಲಿ ಆಡಲಾಗದ್ದನ್ನು ಇಲ್ಲಿ ಬಂದು ಬಾಯಿ ತುಂಬ ಆಡಿ ಹೋಗುತ್ತಾರೆ. ಸೊಸೆಯಂದಿರು ಅಡುಗೆ ಪುಸ್ತಕಗಳ ಕಪಾಟಿನ ಎದುರು ನಿಲ್ಲುತ್ತಾರೆ. ಚುನಾವಣೆಯಲ್ಲಿ ಸೋತವರಿಗೆ ಕಾನೂನಿನ ಕಪಾಟೇ ಆಗಬೇಕು. ಮದುವೆ ಗೊತ್ತಾದ ಹುಡುಗಿಯರು ಒಬ್ಬೊಬ್ಬರೇ ಬಂದು ಮೂಲೆ ಹಿಡಿಯುತ್ತಾರೆ. ಕೂಗಾಡಿ ಗಂಟಲು ಹರಿದುಕೊಂಡು ಹೊರಬಂದವರಿಗೆ ಬೇಕಾಗುತ್ತದೆಂದು ಗೇಟಿನ ಪಕ್ಕದ ಗೂಡಂಗಡಿಯವನು ಕಲ್ಲುಸಕ್ಕರೆ, ಜ್ಯೇಷ್ಠಮಧು ಇಟ್ಟುಕೊಂಡಿದ್ದಾನೆ.

ನಾನು ಕೆಲಸಕ್ಕೆ ಸೇರಿದ ದಿನ ವೃಷಭೇಂದ್ರ ಸರ್ ನನ್ನನ್ನು ಅಂಗಳದ ಬೇವಿನ ಮರದ ಕೆಳಗೆ ಕೂರಿಸಿ ಹೇಳಿದ್ದು ಇಷ್ಟೇ. “ಅಂಬುಜಾ, ಪುಸ್ತಕ ಜೋಡಿಸೋದು ನಿಧಾನಕ್ಕೆ ಬರುತ್ತೆ ಬಿಡು. ಯಾರದಾದರೂ ಬಾಯಿ ಅಲ್ಲಾಡೋದು ಕಂಡರೆ ಮುಖ ತಿರುಗಿಸು. ನಮ್ಮ ಕೆಲಸ ಅಂದರೆ ಅದೇ.” ಯಾಕೆಂದು ನಾನು ಕೇಳಲಿಲ್ಲ. ಸ್ನಾನ ಮಾಡುವವರನ್ನು ನೋಡಬಾರದೆಂದು ಯಾರೂ ಬಿಡಿಸಿ ಹೇಳಿಕೊಡುವುದಿಲ್ಲವಲ್ಲ, ಇದೂ ಹಾಗೇ ಇರಬೇಕು ಅಂದುಕೊಂಡೆ. ವರ್ಷಗಳು ಕಳೆದಂತೆ ಕತ್ತು ತಾನಾಗಿಯೇ ತಿರುಗತೊಡಗಿತು. ಓದುಗರ ಮುಖ ನೋಡುವುದೇ ತಪ್ಪಿಹೋಗಿ ನನಗೆ ಎಲ್ಲರೂ ಕೈಗಳಿಂದ ಪರಿಚಿತರು. ಸುಣ್ಣದ ಕೈ, ಮಸಿಯ ಕೈ, ಬಳೆ ಒಡೆದ ಗಾಯದ ಕೈ. ದಿನಾ ಮಧ್ಯಾಹ್ನ ಬರುವ ಒಂದು ಜೊತೆ ಕೈಗಳಂತೂ ಚೆನ್ನಾಗಿ ನೆನಪಿವೆ. ಊಟದೆಲೆಗೆಂದು ಮುತ್ತುಗದ ಎಲೆ ಹಚ್ಚಿ ಹಚ್ಚಿ ಕಡ್ಡಿ ಚುಚ್ಚಿಸಿಕೊಂಡ ಬೆರಳುಗಳು. ಆ ಬೆರಳುಗಳು ವಿಶ್ವಕೋಶದ ದಪ್ಪ ಸಂಪುಟವೊಂದನ್ನು ತೆಗೆದು, ನಡುವೆ ಎಲ್ಲೋ ಬಿಡಿಸಿ, ಹಾಳೆ ಒಂದನ್ನೂ ಮಗುಚದೆ ಬಹಳ ಹೊತ್ತು ಹಾಗೆಯೇ ಇರುತ್ತಿದ್ದವು. ಆಕೆಗೆ ಓದಲು ಬರುವುದಿಲ್ಲ, ಹೆಸರು ಸಾಕವ್ವ ಎಂದು ಸರ್ ಒಮ್ಮೆ ಹೇಳಿದ್ದರು.

ನಾನು ಮಾತ್ರ ಅಲ್ಲಿ ಯಾವತ್ತೂ ಬಾಯಿ ಬಿಡಲಿಲ್ಲ. ಹೇಳಿಕೊಳ್ಳುವುದು ನನಗೇನೂ ಇರಲಿಲ್ಲ. ತತ್ವಶಾಸ್ತ್ರದಲ್ಲಿ ಪದವಿ ಮಾಡಿಕೊಂಡು, ಅದರಿಂದ ಏನೂ ಆಗದೆ, ಅಕ್ಕನ ಮನೆಯಲ್ಲಿ ಹಗಲೆಲ್ಲ ಉರಿಯುವ ಟಿವಿಯ ಮುಂದೆ ಊಟ ಮಾಡುವವಳು ನಾನು. ಬೆಳಿಗ್ಗೆ ಹೊಸ್ತಿಲು ದಾಟಿ ಒಳಗೆ ಬಂದಾಗ ತಲೆಯ ಮೇಲಿನ ಹೊರೆ ಇಳಿಸಿದಂತಾಗುತ್ತಿತ್ತು. ಆ ಮೌನವೊಂದು ನನ್ನದು ಎಂದುಕೊಂಡಿದ್ದೆ. ಕೆಲಸ ಮಾತ್ರ ನನ್ನದಾಗಿರಲಿಲ್ಲ. ಹಂಗಾಮಿ ಸಹಾಯಕಿ ಎಂದು ಸೇರಿಸಿಕೊಂಡವರು ವರ್ಷವರ್ಷವೂ ಹಂಗಾಮಿಯಾಗಿಯೇ ಮುಂದುವರಿಸುತ್ತಿದ್ದರು.

ತರಬೇತಿಗಳಿಗೇನೂ ಕೊರತೆ ಇರಲಿಲ್ಲ. ಬೆಂಕಿ ನಂದಿಸುವ ತರಬೇತಿ ಆಗಿತ್ತು. ನಾವೆಲ್ಲ ಸಾಲಾಗಿ ನಿಂತು ‘ಬೆಂಕಿ, ಬೆಂಕಿ’ ಎಂದು ಕೂಗಿದ್ದೆವು, ಅಂಗಳದಲ್ಲಿ. ಓದುಗರನ್ನು ನಗುಮುಖದಿಂದ ಸ್ವಾಗತಿಸುವ ತರಬೇತಿ ಆಗಿತ್ತು. ಒತ್ತಡ ನಿರ್ವಹಣೆಯದಂತೂ ಎರಡೆರಡು ಸಲ, ಮೊದಲ ಸಲದ್ದು ಆಗಿದೆಯೆಂದು ಮೇಲಿನವರಿಗೆ ನೆನಪಿರಲಿಲ್ಲ. ಪ್ರತಿ ಸಲ ಒಂದು ಪ್ರಮಾಣಪತ್ರ, ಪ್ಲಾಸ್ಟಿಕ್ಕು ಹೊದಿಸಿದ್ದು. ಅವನ್ನು ಕಿಟಕಿಯ ಸಂದಿಗಳಿಗೆ ಸಿಕ್ಕಿಸಿದ್ದೆವು. ಕಿಟಕಿ ಬಡಿದುಕೊಂಡರೆ ನಮಗೆ ಕೇಳಿಸುವುದಿಲ್ಲ, ಗಾಜು ಮಾತ್ರ ಒಡೆಯುತ್ತದೆ.

ಆ ವರ್ಷ ಬಂದ ಆದೇಶ ಸ್ವಲ್ಪ ಬಿಗಿಯಾಗಿತ್ತು. ಸಿಬ್ಬಂದಿಯೂ ಗ್ರಂಥಾಲಯ ಸಮಿತಿಯವರೂ ಯಾವುದಾದರೊಂದು ತರಬೇತಿ ಪಡೆಯಲೇಬೇಕು, ಪಡೆಯದ ಹಂಗಾಮಿಯವರನ್ನು ಮುಂದುವರಿಸುವಂತಿಲ್ಲ, ಪಡೆದವರನ್ನು ಸಮಿತಿಯ ಶಿಫಾರಸಿನ ಮೇಲೆ ಕಾಯಂ ಮಾಡಬಹುದು, ಶಿಫಾರಸು ಇಲ್ಲದಿದ್ದರೆ ಅವರನ್ನೂ ಬಿಡಿಸಬೇಕು. ಸಮಿತಿ ಯಥಾಪ್ರಕಾರ ಬೇವಿನ ಮರದ ಕೆಳಗೆ ಸೇರಿತು. ಅಧ್ಯಕ್ಷರು ಅಕ್ಕಿ ಗಿರಣಿಯ ಚನ್ನವೀರಪ್ಪನವರು. ಸದಸ್ಯರಲ್ಲಿ ಬಾಯಿ ಬಿಡುವವರೆಂದರೆ ನೂರಮ್ಮ ಒಬ್ಬರೇ. ಸರ್ಕಾರಿ ಆಸ್ಪತ್ರೆಯ ನರ್ಸಾಗಿದ್ದು ನಿವೃತ್ತರಾದವರು, ಊರಿನ ಅರ್ಧ ಜನರನ್ನು ಹುಟ್ಟಿದಾಗಲೇ ಎತ್ತಿಕೊಂಡವರು.

“ಯಾವ್ದಾದ್ರೂ ಒಂದಕ್ಕೆ ಹೂಂ ಅಂತ ಬರೀರಿ ವೃಷಭೇಂದ್ರಪ್ಪ,” ಎಂದರು ಅಧ್ಯಕ್ಷರು. “ದೂರ ಹೋಗೋದು ಬ್ಯಾಡ. ಬಸ್ಸಿನಾಗೆ ಕೂತ್ರೆ ನನಗೆ ಸೊಂಟ ಹಿಡಿತದೆ.”

“ಇದೊಂದಿದೆ ಸರ್. ಕಿವಿ ಕೇಳದ ಓದುಗರೊಂದಿಗೆ ವ್ಯವಹರಿಸೋದು ಅಂತ. ಕಲಿಸೋರೇ ಇಲ್ಲಿಗೆ ಬರ್ತಾರೆ.”

“ಊಟ?”

“ಅವರೇ ಕೊಡ್ತಾರಂತೆ.”

“ಮತ್ತೇನು ಯೋಚನೆ ಮಾಡ್ತೀರಿ?” ಎಂದು ನೂರಮ್ಮ ನಕ್ಕರು. “ಹಿಂದಿನ ಸಲದ ಪಲಾವ್ ಚೆನ್ನಾಗಿರಲಿಲ್ಲ ಅಂತಾನೂ ಒಂದು ಸಾಲು ಸೇರಿಸಿ.”

ಕಲಿಸಲು ಬಂದವರ ಹೆಸರು ಸರಯೂ. ನಲವತ್ತರ ಆಸುಪಾಸು, ಊರೂರು ತಿರುಗಿ ದಣಿದ ಮುಖ, ಭುಜಕ್ಕೆ ಬಣ್ಣ ಮಾಸಿದ ಬ್ಯಾಗು. ಚಿಕ್ಕಂದಿನಲ್ಲಿ ಜ್ವರ ಬಂದು ಕಿವಿ ಹೋಯಿತಂತೆ. ಅವರ ಮಾತು ಏರಿಳಿತವಿಲ್ಲದೆ ಒಂದೇ ಸಮನೆ ಇರುತ್ತಿತ್ತು. ನಮ್ಮ ಮಾತಿಗೆ ಮಾತ್ರ ತಡವರಿಸದೆ ಉತ್ತರ ಕೊಡುತ್ತಿದ್ದರು. “ಕಿವಿ ಹೋಗಿದ್ದರೂ ಅದೆಷ್ಟು ಚೆನ್ನಾಗಿ ಕೇಳಿಸಿಕೊಳ್ತಾರೆ ನೋಡು,” ಎಂದು ಸರ್ ನನ್ನೊಡನೆ ಆಶ್ಚರ್ಯಪಟ್ಟರು. ನನಗೂ ಆಶ್ಚರ್ಯವೇ. ಹೇಗೆ ಎಂದು ನಮ್ಮಿಬ್ಬರಲ್ಲಿ ಯಾರಿಗೂ ಹೊಳೆಯಲಿಲ್ಲ. ಬಾಯಿ ಅಲ್ಲಾಡಿದರೆ ಮುಖ ತಿರುಗಿಸುವುದನ್ನೇ ಬದುಕು ಮಾಡಿಕೊಂಡವರಿಗೆ ಹೊಳೆಯುವುದಾದರೂ ಹೇಗೆ?

ಮೊದಲು ಒಳಗೆ ನೋಡಿ ಬರುತ್ತೇನೆ ಎಂದು ಅವರು ಹೋದರು. ನಾವೆಲ್ಲ ಮರದ ಕೆಳಗೆ ಕುರ್ಚಿ ಹಾಕಿಕೊಂಡು ಕಾದೆವು. ಅಂದು ಸಂತೆಯ ದಿನ, ಒಳಗೆ ಕಿಕ್ಕಿರಿದ ಜನ. ಸ್ವಲ್ಪ ಹೊತ್ತಿಗೆ ಅವರು ಹೊರಬಂದರು. ಎರಡು ಕೈಯಿಂದಲೂ ಕಣ್ಣು ಮುಚ್ಚಿಕೊಂಡಿದ್ದರು. ಮೆಟ್ಟಿಲ ಮೇಲೆಯೇ ಕುಸಿದು ಕೂತರು. ನೂರಮ್ಮ ಓಡಿಹೋಗಿ ನೀರು ಕುಡಿಸಿದರು.

“ತಲೆ ತಿರುಗ್ತಾ?” ಎಂದು ಅಧ್ಯಕ್ಷರು ಕೇಳಿದರು. “ಸದ್ದಿಲ್ಲದ್ದಕ್ಕೆ ಹೊಸಬ್ರಿಗೆ ಹಂಗಾಗ್ತದೆ.”

ಸರಯೂ ತಲೆಯೆತ್ತಿದರು. “ಸದ್ದಿಲ್ವಾ? ಇಷ್ಟು ಗದ್ದಲದ ಗ್ರಂಥಾಲಯ ನಾನೆಲ್ಲೂ ನೋಡಿಲ್ಲ. ಎಲ್ಲ ಕಪಾಟಿನ ಹತ್ತಿರಾನೂ ಒಬ್ಬೊಬ್ಬರು ಅಳ್ತಾ, ಬೈತಾ, ಬೇಡಿಕೊಳ್ತಾ... ನೀವೆಲ್ಲ ಇದನ್ನ ದಿನಾ ಹೇಗೆ ತಡ್ಕೋತೀರಿ?”

ತುಟಿ ನೋಡಿ ಮಾತು ತಿಳಿಯಬಹುದು ಎಂಬುದು ಆ ಕ್ಷಣಕ್ಕೆ, ಒಬ್ಬೊಬ್ಬರಿಗೂ ಒಂದೊಂದು ರೀತಿಯಲ್ಲಿ, ಅರ್ಥವಾಗುತ್ತ ಬಂತು. ಚನ್ನವೀರಪ್ಪನವರ ಮುಖದ ಬಣ್ಣ ಇಳಿಯಿತು. ಬೆಳಿಗ್ಗೆ ತರಬೇತಿಗೆ ಮುಂಚೆ ಅವರೂ ಒಳಗೆ ಹೋಗಿ ಬಂದಿದ್ದರು. ಸರಯೂ ಅಷ್ಟು ಮುಂಚೆ ಬಂದಿರಲಿಲ್ಲ ಎಂದು ನೆನಪಾದ ಮೇಲೆಯೇ ಅವರು ಉಸಿರು ಬಿಟ್ಟದ್ದು.

“ಅಮ್ಮಾ, ಏನೇನು ಕಂಡಿತು?” ಎಂದು ಅವರು ಮೆಲ್ಲಗೆ ಕೇಳಿದರು.

“ಕಂಡದ್ದನ್ನ ಹೇಳೋ ರೂಢಿ ನಮ್ಮಲ್ಲಿಲ್ಲ,” ಎಂದರು ಸರಯೂ.

ಅವರು ಕಲಿಸಲು ಬಂದದ್ದು ತುಟಿ ಓದುವುದನ್ನೇ. ಕಿವಿ ಕೇಳದವರ ತುಟಿಯ ಮಾತು ತಿಳಿಯುವುದು, ಅವರಿಗೆ ತಿಳಿಯುವಂತೆ ತುಟಿ ಬಿಡಿಸಿ ಮಾತಾಡುವುದು. ಸಮಿತಿಯ ಒಬ್ಬೊಬ್ಬರಿಗೂ ಒಂದೊಂದು ಕೆಲಸ ನೆನಪಾಯಿತು. ಒಬ್ಬರಿಗೆ ಮನೆಯಲ್ಲಿ ನೆಂಟರು, ಒಬ್ಬರಿಗೆ ಹಲ್ಲುನೋವು. ವೃಷಭೇಂದ್ರ ಸರ್, “ನನಗೆ ಈ ವಯಸ್ಸಲ್ಲಿ ಬೇಡಮ್ಮ, ಗೊತ್ತಾದರೆ ತಡ್ಕೊಳ್ಳಲಾರೆ,” ಎಂದು ನೇರವಾಗಿಯೇ ಹೇಳಿದರು. ಕಲಿಯದವರಿಗೆ ನಾನು ಸಹಿ ಹಾಕುವುದಿಲ್ಲ ಎಂದರು ಸರಯೂ. ಊಟ ಮಾಡಿ ಕೈ ತೊಳೆದು ಹೋಗುವ ತರಬೇತಿ ಅದಾಗಿರಲಿಲ್ಲ.

“ಒಬ್ರಾದ್ರೂ ಕಲೀಲಿ,” ಎಂದರು ಅಧ್ಯಕ್ಷರು. “ಅಂಬುಜಾ ಇದಾಳಲ್ಲ. ಅವಳ ಕೆಲಸದ ಪ್ರಶ್ನೆ ಬ್ಯಾರೆ ಇದೆ.”

ನೂರಮ್ಮ ನನ್ನ ಪಕ್ಕಕ್ಕೆ ಬಂದು ಕೈ ಹಿಡಿದುಕೊಂಡರು. “ತಂಗೀ, ಕಲೀಬೇಡ. ಆಸ್ಪತ್ರೇಲಿ ಪರದೆ ಎಳೆದಿರ್ತೀವಲ್ಲ, ನೀನು ಕಲಿತರೆ ಊರಿಗೆಲ್ಲ ಒಂದೇ ಸಲ ಪರದೆ ಕಿತ್ತ ಹಾಗೆ.”

“ಕೆಲಸ ಹೋದರೆ ನಾನೇನು ಮಾಡಲಿ ನೂರಕ್ಕ?”

ಅವರು ಕೈ ಬಿಡಲಿಲ್ಲ. ನಾನೇ ಬಿಡಿಸಿಕೊಂಡೆ.

ಕಲಿತೆ. ಗೂಡಂಗಡಿಯ ಹಿಂದಿನ ಕೋಣೆಯಲ್ಲಿ ಎದುರುಬದುರು ಕೂತು ಸರಯೂ ಧ್ವನಿ ಇಲ್ಲದೆ ಮಾತಾಡುತ್ತಿದ್ದರು, ನಾನು ಊಹಿಸುತ್ತಿದ್ದೆ. ಮೊದಮೊದಲು ಕತ್ತು ತಾನಾಗಿ ಗೋಡೆಯ ಕಡೆಗೆ ತಿರುಗಿಬಿಡುತ್ತಿತ್ತು. ಅವರು ಗದ್ದ ಹಿಡಿದು ಮೆಲ್ಲಗೆ ಈಚೆ ತಿರುಗಿಸುತ್ತಿದ್ದರು. “ತುಟಿ ಅರ್ಧ ಹೇಳುತ್ತೆ. ಉಳಿದರ್ಧಾನ ಕಣ್ಣು, ಹುಬ್ಬು, ಕೆನ್ನೆ ಹೇಳ್ತಾವೆ. ಮುಖ ಪೂರ್ತಿ ನೋಡಬೇಕು ಅಂಬುಜಾ. ನೋಡೋಕೆ ನಾಚಿಕೆಪಟ್ಟರೆ ಬರಲ್ಲ.” ಯಾರ ಮುಖವನ್ನೂ ನಾನು ಅಷ್ಟು ಹೊತ್ತು ನೋಡಿದವಳಲ್ಲ. ಸಂಜೆ ಮನೆಗೆ ಹೋಗುವಾಗ ಕಣ್ಣು ಉರಿಯುತ್ತಿತ್ತು. ಒಂದು ದಿನ ಮಲಗುವ ಮುಂಚೆ ಅಕ್ಕ ಟಿವಿಯ ಸದ್ದು ಕಡಿಮೆ ಮಾಡಿದಳು. ತೆರೆಯ ಮೇಲಿನ ಹೆಂಗಸು ಆಡುತ್ತಿದ್ದದ್ದು ನನಗೆ ಪೂರ್ತಿ ತಿಳಿಯಿತು. ಖುಷಿಯಾಗಬೇಕಿತ್ತು. ಹೊದಿಕೆ ತಲೆಯ ಮೇಲೆ ಎಳೆದುಕೊಂಡೆ.

ಹೊರಡುವ ದಿನ ಸರಯೂ ಪ್ರಮಾಣಪತ್ರಕ್ಕೆ ಸಹಿ ಹಾಕುತ್ತ ಹೇಳಿದರು. “ನಿಮ್ಮವರೆಲ್ಲ ನನ್ನನ್ನ ಕಳ್ಳಿ ಥರ ನೋಡ್ತಿದಾರೆ. ಕಿವಿ ಹೋದಾಗಿಂದ ನಾನು ನೋಡಿದ್ದು ಒಂದೇ ಅಂಬುಜಾ, ನಾನು ಮಾತಾಡೋಕೆ ಶುರು ಮಾಡಿದರೆ ಜನ ಮುಖ ಆಚೆ ತಿರುಗಿಸ್ತಾರೆ. ಅದು ಮರ್ಯಾದೆ ಅಂತ ನೀವಂತೀರಿ. ಆ ಕಡೆ ನಿಂತವರಿಗೆ ಹಾಗೆ ಕಾಣೋಲ್ಲ.” ಬಸ್ಸು ಬಂದಿತ್ತು. ಅವರು ಹತ್ತಿದರು. ಕಿಟಕಿಯಿಂದ ಇನ್ನೂ ಏನೋ ಹೇಳಿದರು, ಗಾಜಿನ ಮೇಲೆ ಬಿಸಿಲು ಬಿದ್ದು ತುಟಿ ಕಾಣಿಸಲಿಲ್ಲ.

ಮಾರನೆಯ ದಿನ ಬೆಳಿಗ್ಗೆ ಹೊಸ್ತಿಲು ದಾಟಿದಾಗ ಹೊರೆ ಇಳಿಯಲಿಲ್ಲ. ಕಣ್ಣೆತ್ತಿದ ಕಡೆಯೆಲ್ಲ ಮಾತು. ಮೂಲೆಯಲ್ಲಿ ನಿಂತವಳು ಬೇಡ, ಬೇಡ, ಬೇಡ ಎನ್ನುತ್ತಿದ್ದಳು. ಭೂಪಟದ ಕಪಾಟಿನ ಎದುರು ದೊಡ್ಡ ಗಂಡಸೊಬ್ಬ ಎದುರಿಗಿಲ್ಲದ ಅಣ್ಣನಿಂದ ಏನನ್ನೋ ಹಿಂದಕ್ಕೆ ಕೇಳುತ್ತಿದ್ದ. ತಲೆ ತಗ್ಗಿಸಿ ಪುಸ್ತಕಗಳ ಬೆನ್ನು ನೋಡಿದೆ. ಆದರೂ ಕಣ್ಣಂಚಿಗೆ ತುಟಿಗಳು ಸಿಕ್ಕಿಕೊಳ್ಳುತ್ತಿದ್ದವು. ಮಧ್ಯಾಹ್ನದ ಹೊತ್ತಿಗೆ ಅಂಗಳಕ್ಕೆ ಬಂದು ಮರಕ್ಕೆ ಒರಗಿ ಕೂತುಬಿಟ್ಟೆ. ಹೊರಗೆ ಲಾರಿಯ ಹಾರನ್ನು, ಬಸ್ಸಿನವನ ಕೂಗು. ಆ ಸದ್ದಿನಲ್ಲಿಯೇ ಒಂದಿಷ್ಟು ನೆಮ್ಮದಿ ಇತ್ತು. ನನ್ನದೆಂದುಕೊಂಡಿದ್ದ ಮೌನ ಮುಗಿದುಹೋಗಿತ್ತು.

ಅಲ್ಲಿಗೇ ಚನ್ನವೀರಪ್ಪನವರು ಬಂದರು. ಕುರ್ಚಿ ಎಳೆದುಕೊಂಡು, ಹೆಗಲ ಮೇಲಿನ ವಲ್ಲಿಯಿಂದ ಗಾಳಿ ಬೀಸಿಕೊಂಡರು.

“ಪ್ರಮಾಣಪತ್ರ ಬಂತಂತೆ. ಚಲೋ ಆತು. ಮುಂದಿನ ಸಭೆಯಾಗೆ ಶಿಫಾರಸು ಮಾಡಿಬಿಡೋಣ. ಸಹಿ ನನ್ನದೇ ಅಲ್ಲವಾ?”

“ಉಪಕಾರವಾಯ್ತು ಸರ್.”

“ಒಳಗೆ ಭೂಪಟದ ಹತ್ರ ನನ್ನ ತಮ್ಮ ನಿಂತಿರ್ತಾನೆ. ರಾಜಶೇಖರ. ವಾರವಾರ ಬರ್ತಾನೆ. ಗಿರಣಿ ವಿಷಯದಾಗೆ ನಮ್ಮಿಬ್ಬರದು ಕೋರ್ಟಿನಾಗಿದೆ ಅಂತ ನಿನಗೂ ಗೊತ್ತು.” ಅವರು ಬಗ್ಗಿ, ಯಾರೂ ಇಲ್ಲದಿದ್ದರೂ ದನಿ ತಗ್ಗಿಸಿದರು. “ಏನಂತಾನೆ ಅವನು?”

ನನಗೆ ಗೊತ್ತಿತ್ತು. ಗಿರಣಿಯ ಮಾತೇ ಅಲ್ಲ ಅದು. ಅವ್ವ ಸಾಯುವಾಗ ನನ್ನನ್ನು ಯಾಕೆ ಕರೆಸಲಿಲ್ಲ ಅಣ್ಣಾ, ಆ ಹೊತ್ತನ್ನು ನನಗೆ ವಾಪಸ್ಸು ಕೊಡು ಎನ್ನುತ್ತಿದ್ದ. ಹೇಳಿಬಿಟ್ಟರೆ ಇವರಿಬ್ಬರೂ ಒಂದಾಗಬಹುದೇನೋ ಎಂದು ಒಂದು ಗಳಿಗೆ ಅನಿಸಿತು. ಹಾಗೆ ಒಂದು ಮಾತು ಹೊರಗೆ ಬಿಟ್ಟರೆ ಆಮೇಲೆ ಯಾವುದನ್ನು ಒಳಗಿಟ್ಟುಕೊಂಡೇನು?

“ಬಾಯಿ ಅಲ್ಲಾಡಿದರೆ ನಾನು ಮುಖ ತಿರುಗಿಸ್ತೀನಿ ಸರ್. ಮೊದಲಿಂದಲೂ ಹಾಗೇ.”

“ಮತ್ತೆ ಕಲ್ತಿದ್ಯಾಕೆ?”

ಅವರು ಎದ್ದು ವಲ್ಲಿ ಹೆಗಲಿಗೆ ಹಾಕಿಕೊಂಡರು. “ಯೋಚನೆ ಮಾಡಿ ಹೇಳು. ಸಭೆ ಇನ್ನೂ ಐತಲ್ಲ,” ಎಂದು ಗೇಟಿನ ಕಡೆ ನಡೆದರು. ಗೂಡಂಗಡಿಯಲ್ಲಿ ನಿಂತು ಕಲ್ಲುಸಕ್ಕರೆ ಕೇಳಿದ್ದು ನನಗೆ ಕೇಳಿಸಿತು.

ಊರಿಗೆ ಸುದ್ದಿ ತಿಳಿಯಲು ಹೊತ್ತು ಬೇಕಾಗಲಿಲ್ಲ. ಮೊದಲು ಜನ ಸೆರಗು, ಟವೆಲ್ಲು ಬಾಯಿಗೆ ಅಡ್ಡ ಹಿಡಿದು ಮಾತಾಡಿದರು. ಆಮೇಲೆ ಗೋಡೆಗೆ ಮೂಗು ತಾಗುವ ಹಾಗೆ ನಿಂತು ಮಾತಾಡಿದರು. ಕೆಲವರು ನಾನಿದ್ದ ಕಡೆಗೆ ಒಮ್ಮೆ ನೋಡಿ, ಬಾಯಿ ತೆರೆಯದೆ, ಪುಸ್ತಕ ಸ್ವಸ್ಥಾನಕ್ಕಿಟ್ಟು ಹೊರಟುಹೋದರು. ಸೊಸೆಯಂದಿರು ಬರುವುದು ನಿಂತಿತು. ಗೂಡಂಗಡಿಯವನು ಜ್ಯೇಷ್ಠಮಧುವಿನ ಡಬ್ಬಿ ಒಳಗಿಟ್ಟು, “ಏನಕ್ಕಾ, ಎಂಥ ವಿದ್ಯೆ ಕಲಿತಿರಿ ನೀವು, ನನ್ನ ಅಂಗಡಿಗೇ ಬಾಯಿ ಕಟ್ಟಿತು,” ಎಂದ. ತಮಾಷೆಗೆ ಅಂದದ್ದೇ. ನಗಲು ಅವನಿಗೂ ಆಗಲಿಲ್ಲ. ಬೀದಿಯಲ್ಲಿ ನನ್ನನ್ನು ಕಂಡರೆ ಮಾತು ನಿಲ್ಲಿಸುವವರು ಹೆಚ್ಚಾದರು. ಮಾತು ಆಡದೆ ಇಟ್ಟುಕೊಂಡ ಮನೆಗಳಲ್ಲಿ ಜಗಳ ಹೆಚ್ಚಾಗಿದೆಯೆಂದು ನೂರಮ್ಮ ಹೇಳಿದರು. ಬೈಯಲಿಲ್ಲ.

ಗ್ರಂಥಾಲಯ ಈಗ ನಿಜವಾಗಿ ನಿಶ್ಶಬ್ದವಾಗಿತ್ತು. ಒಂದು ಕಾಲಕ್ಕೆ ಇಂಥದೇ ಬೇಕೆಂದು ನಾನು ಆಸೆಪಟ್ಟಿರಬಹುದು. ಖಾಲಿ ಕುರ್ಚಿಗಳ ನಡುವೆ ಕೆಂಪು ಬಟ್ಟೆ ಹಿಡಿದು ಸುತ್ತು ಹಾಕುವಾಗ ಅದನ್ನು ಯಾರಿಗೆ ತೋರಿಸುತ್ತಿದ್ದೇನೆಂದು ತಿಳಿಯುತ್ತಿರಲಿಲ್ಲ. ವೃಷಭೇಂದ್ರ ಸರ್ ಒಂದು ದಿನ ಸ್ಲೇಟಿನಲ್ಲಿ ‘ಊಟ ಮಾಡಿದೆಯಾ’ ಎಂದು ಬರೆದು ತೋರಿಸಿದರು. ನಾನು ತಲೆಯಾಡಿಸಿದೆ. ಅವರು ಅದನ್ನು ಅಳಿಸಿ ಇನ್ನೇನೋ ಬರೆಯಲು ಹೋದರು. ಸೀಮೆಸುಣ್ಣ ಕೆಳಗಿಟ್ಟರು.

ಅಧ್ಯಕ್ಷರು ಯೋಚನೆ ಮಾಡಿದೆಯಾ ಎಂದು ಇನ್ನೊಮ್ಮೆ ಕೇಳಿದರು. ಮಾಡಿದೆ ಸರ್, ನಾನು ಹೇಳುವುದಿಲ್ಲ ಎಂದೆ. ಅವರು ಸಿಟ್ಟಾಗಲಿಲ್ಲ. ಅದೇ ನನಗೆ ಹೆಚ್ಚು ಬಳಲಿಕೆ ತಂದದ್ದು. “ನಿನ್ನಿಷ್ಟ ತಾಯಿ,” ಎಂದರು. ಮುಂದಿನ ಸಭೆಯಲ್ಲಿ ಶಿಫಾರಸಿನ ಮಾತು ಬರುವುದಿಲ್ಲವೆಂದು ಇಬ್ಬರಿಗೂ ಗೊತ್ತಾಯಿತು. ಕಲಿಯದಿದ್ದರೆ ಹೋಗುತ್ತಿದ್ದ ಕೆಲಸ ಈಗ ಕಲಿತದ್ದಕ್ಕೇ ಹೋಗುತ್ತದೆ. ಹೋಗುವುದರೊಳಗೆ ಪುಸ್ತಕಗಳ ಧೂಳು ಹೊಡೆದು ಇಡೋಣವೆಂದು ಕಪಾಟುಗಳನ್ನು ಒಂದೊಂದಾಗಿ ಖಾಲಿ ಮಾಡತೊಡಗಿದೆ.

ವಿಶ್ವಕೋಶದ ಸಂಪುಟಗಳನ್ನು ಮೇಜಿನ ಮೇಲೆ ಸಾಲಾಗಿಟ್ಟು ಒರೆಸುತ್ತಿದ್ದೆ. ನನ್ನ ಕೈಯ ಪಕ್ಕದಲ್ಲಿ ಇನ್ನೊಂದು ಜೊತೆ ಕೈ ಬಂದು ನಿಂತಿತು. ಕಡ್ಡಿ ಚುಚ್ಚಿದ ಬೆರಳುಗಳು, ಉಗುರಿನ ಸಂದಿಯಲ್ಲಿ ಒಣಗಿದ ಎಲೆಯ ಹಸಿರು. ಎಲ್ಲರೂ ಬರುವುದು ಬಿಟ್ಟ ಮೇಲೂ ಆ ಕೈಗಳು ಬಂದಿದ್ದವು. ನಾನು ರೂಢಿಯಂತೆ ಕತ್ತು ಆಚೆ ತಿರುಗಿಸಿ, ಸಂಪುಟವನ್ನು ಆಕೆಯ ಕಡೆಗೆ ಸರಿಸಿದೆ.

ಆ ಕೈ ಸಂಪುಟವನ್ನು ಮುಟ್ಟಲಿಲ್ಲ. ನನ್ನ ಗದ್ದ ಹಿಡಿಯಿತು. ಒರಟು ಬೆರಳು, ಒಣ ಎಲೆಯ ವಾಸನೆ. ಮೆಲ್ಲಗೆ, ಆದರೆ ಬಿಡದೆ, ನನ್ನ ಮುಖವನ್ನು ಈಚೆಗೆ ತಿರುಗಿಸಿತು.

ಸಾಕವ್ವನ ಮುಖವನ್ನು ನಾನು ಮೊದಲ ಸಲ ನೋಡಿದೆ. ನಾನು ಅಂದುಕೊಂಡಷ್ಟು ಮುದುಕಿಯಲ್ಲ. ಹಣೆಯ ನಡುವೆ ಹಚ್ಚೆಯ ಚುಕ್ಕಿ, ಮೂಗಿಗೆ ನತ್ತು ತೆಗೆದ ತೂತು, ತುಂಬ ಹೊತ್ತು ಬಿಸಿಲಲ್ಲಿ ಕಾದವರಂತೆ ಕಿರಿದಾದ ಕಣ್ಣು. ಇಷ್ಟು ವರ್ಷ ಎದುರಿಗೇ ನಿಂತಿದ್ದವಳು. ಅವಳು ತುಟಿ ಬಿಡಿಸಿ, ಮಕ್ಕಳಿಗೆ ತುತ್ತು ಮಾಡುವಷ್ಟು ನಿಧಾನವಾಗಿ ಮಾತಾಡಿದಳು.

“ನೀನು ಕಲ್ತಿದೀಯಂತೆ?”

ನಾನು ತಲೆಯಾಡಿಸಿದೆ.

ಅವಳು ಸಂಪುಟವನ್ನು ಮುಚ್ಚಿ ಪಕ್ಕಕ್ಕೆ ಸರಿಸಿದಳು. ಸೆರಗಿನಿಂದ ಬಾಯಿ ಒರೆಸಿಕೊಂಡಳು. ನಾನು ಎರಡು ಕುರ್ಚಿಗಳನ್ನು ಕಿಟಕಿಯ ಹತ್ತಿರಕ್ಕೆ ಎಳೆದೆ, ಬೆಳಕು ಅವಳ ಮುಖದ ಮೇಲೆ ಬೀಳುವ ಹಾಗೆ. ಕೂತ ಮೇಲೆ ಅವಳು ನನ್ನನ್ನೇ ಸ್ವಲ್ಪ ಹೊತ್ತು ನೋಡಿದಳು. ನಾನೂ ನೋಡಿದೆ, ಕತ್ತು ತಿರುಗಲಿಲ್ಲ.

“ಹಂಗಾದ್ರೆ,” ಎಂದಳು ಸಾಕವ್ವ, “ಮೊದ್ಲಿಂದ ಹೇಳ್ತೀನಿ.”